ದೇಹಲೀದೀಪ

ಮನೆಯನ್ನು ಕೊಳ್ಳುವವನು ಗೋಡೆಗಳನ್ನು ಕೊಳ್ಳುವನು, ಕದಗಳನ್ನು ಕೊಳ್ಳುವನು, ಬೀಗದ ಕೈಗಳನ್ನೂ ಎಣಿಸಿಕೊಳ್ಳುವನು. ಆದರೆ ಆ ಮನೆಯಲ್ಲಿ ಬಾಳಿದವರ ತಿಳಿವಳಿಕೆಯನ್ನು ಖರೇದಿಪತ್ರದಲ್ಲಿ ಬರೆಯಿಸಿಕೊಳ್ಳುವ ರೂಢಿಯು ಲೋಕದಲ್ಲಿಲ್ಲ. ಯಾವ ಕದವು ಮಳೆಗಾಲದಲ್ಲಿ ಬಿಗಿಯುವದು, ಯಾವ ಮೂಲೆಯಲ್ಲಿ ಮಾಳಿಗೆಯು ಸೋರುವದು ಎಂಬುದನ್ನು ಹೊಸಬರು ತಾವೇ ಅನುಭವದಿಂದ ಅರಿಯತಕ್ಕದ್ದು. ಹಿಂದೆ ಇದರಿಂದ ಹೆಚ್ಚಿನ ಹಾನಿಯಿರಲಿಲ್ಲ. ಏತಕ್ಕೆಂದರೆ, ಬಿಗಿದ ಕದವೂ ಸೋರುವ ಮಾಳಿಗೆಯೂ ಕಣ್ಣಿಗೆ ಕಾಣುವಂಥವು. ಆದರೆ ಮನೆಯ ದೀಪಗಳೇ ಹೊಸ ಒಡೆಯನನ್ನು ಲೆಕ್ಕಿಸದೆ ಹಳೆಯ ಒಡೆಯನ ಆಜ್ಞೆಯನ್ನು ಪಾಲಿಸತೊಡಗಿದರೆ ಮಾಡುವದೇನು?

ಘಟಪ್ರಭೆಯು ಸುಮಾರು 170 ಅಡಿಗಳ ಕೆಳಗೆ ಧುಮುಕುವ ಗೋಕಾಕ ಫಾಲ್ಸಿನವರಿಗೆ ವಿದ್ಯುತ್ತು ಹೊಸ ನೆಂಟನಲ್ಲ. ಇಲ್ಲಿಯ ನೂಲಿನ ಗಿರಣಿಯು 1885 ರಲ್ಲಿ ಸ್ಥಾಪಿತವಾದುದು. 1887 ರಲ್ಲಿಯೇ ಈ ಧಬಧಬೆಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಪಡೆದರೆಂದು ಪ್ರಸಿದ್ಧಿಯಿದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು 1902 ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು 1905 ರಲ್ಲಿ. ಇಂಥ ಊರಿನ ಮಗ್ಗುಲಲ್ಲಿ, ಕೊಣ್ಣೂರ ಕಡೆಯ ಹೊಸ ಮನೆಯೊಂದರಲ್ಲಿ, ವೃದ್ಧ ದಂಪತಿಗಳು ದೀಪಗಳ ಕೀಲನ್ನರಿಯದೆ ಒಂದು ತಿಂಗಳು ತೊಳಲಿದರೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಮನೆಯು ಚೆಲುವಾದದ್ದೇ. ಅದನ್ನು ಕಟ್ಟಿಸಿದ ಗೃಹಸ್ಥರು ತೀರಿಕೊಂಡ ಮೇಲೆ ಪುಣೆಯಲ್ಲಿದ್ದ ಅವರ ಮಗನು ಅದನ್ನು ಮಾರಿ, ಕಾಗದಪತ್ರಗಳನ್ನೊಪ್ಪಿಸಿ ಮರುದಿನವೇ ತೆರಳಿದನು. ಹೊಸಬರು ಹಾಲು ಉಕ್ಕಿಸಿ ಮನೆಯನ್ನು ಹೊಕ್ಕ ರಾತ್ರಿಯೇ ವಿಚಿತ್ರವು ಆರಂಭವಾಯಿತು. ಹತ್ತು ಗಂಟೆಯಾಗುತ್ತಲೆ ಪಡಸಾಲೆ, ಅಡಿಗೆಮನೆ, ದೇವರ ಮನೆಗಳ ದೀಪಗಳೆಲ್ಲ ತಾವಾಗಿಯೇ ಆರಿಹೋದವು. ಬೆಳಗಿನ ಜಾವ ಮೂರಕ್ಕೆ, ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ಹಾದಿಯಲ್ಲಿ ಮಂದವಾದ ದೀಪವೊಂದು ತಾನೇ ಹತ್ತಿತು. ಗೋಡೆಯ ಸ್ವಿಚ್ಚನ್ನು ಆರಿಸಿಟ್ಟರೆ ದೀಪಕ್ಕೆ ವಿದ್ಯುತ್ತೇ ಇಲ್ಲದಂತಾಗಿ ಅದು ಯಾರ ಮಾತನ್ನೂ ಕೇಳದು. ಹಚ್ಚಿಟ್ಟರೆ ಮತ್ತೆ ಹಳೆಯ ಆಜ್ಞೆಗೇ ಮಣಿಯುವದು.

ಯಜಮಾನರು ಇದನ್ನು ಕೆಲವು ದಿನ ನಗುತ್ತಲೆ ಸಹಿಸಿದರು. ಆದರೆ ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದ ಗೃಹಿಣಿಯು ಒಂದು ರಾತ್ರಿ ಹಾಲಿನ ಪಾತ್ರೆಯನ್ನು ಹಿಡಿದು ಅಡಿಗೆಮನೆಯ ಹೊಸ್ತಿಲನ್ನು ದಾಟುತ್ತಿರುವಾಗಲೇ ಹತ್ತು ಗಂಟೆಯಾಯಿತು. ದೀಪವಾರಿತು, ಆಕೆಯು ಎಡವಿ ಬಿದ್ದಳು. ಎಲುಬು ಮುರಿಯಲಿಲ್ಲವೆಂಬುದಷ್ಟೇ ದೈವಕೃಪೆ. ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಆಕೆಯು, “ಇದು ನಮ್ಮ ಮನಿ ಹೌದೋ ಅಲ್ಲೋ, ಒಮ್ಮೆ ಕೇಳ್ರಿ ಆ ದೀಪಕ್ಕ,” ಎಂದಳು. ಆ ಮಾತು ಯಜಮಾನರಿಗೆ ನಾಟಿತು. ಕರೆಯಿಸಿದ ಕೆಲಸಗಾರರು, ಎಲ್ಲವನ್ನೂ ಕಿತ್ತು ಹೊಸದಾಗಿ ತಂತಿಯೆಳೆಯಬೇಕೆಂದರು. ಆ ಹಣದಿಂದ ಎರಡೂ ಕಣ್ಣುಗಳ ಶಸ್ತ್ರಕ್ರಿಯೆಯನ್ನು ಮಾಡಿಸಬಹುದಾಗಿತ್ತು.

ಅಷ್ಟರಲ್ಲಿ ನೆರೆಮನೆಯ ವೃದ್ಧನೊಬ್ಬನು ಮುಂದೆ ಬಂದನು. ಅವನು ಗಿರಣಿಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. “ಕೀಳೋದು ಸುಲಭ ರಾಯರ. ಮೊದಲು ಎಂಟು ದಿನ ಬರೀರಿ,” ಎಂದನು. ಯಾವ ದೀಪವು ಯಾವಾಗ ಹತ್ತಿತು, ಯಾವಾಗ ಆರಿತು, ಆಗ ಅಲ್ಲಿ ಯಾರಿದ್ದರು ಎಂದು ಯಜಮಾನರು ವಹಿಯಲ್ಲಿ ಬರೆದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ದೀಪವನ್ನು ಕಂಡು ಅದರ ಹಿಂದಣ ನಿಯಮವನ್ನು ಊಹಿಸಹತ್ತಿದರು. ಬಚ್ಚಲ ಹಾದಿಯ ಗೋಡೆಯಲ್ಲಿ ಗುಬ್ಬಿಯಂತೆ ಕುಳಿತ ಬಿಳಿಯ ಗುಂಡಿಯೊಂದಿತ್ತು. ಮನುಷ್ಯನು ಸುಳಿದಾಡಿದರೆ ಮೈಯ ಶಾಖದಿಂದ ಅದನ್ನರಿತು ದೀಪವನ್ನು ಹೆಚ್ಚಿಸುವದು ಅದರ ಕೆಲಸ. ಅದು ತೆರೆದಿದ್ದಾಗ ದೀಪವು ಹೆಚ್ಚುವದು, ಅದಕ್ಕೆ ದಪ್ಪ ಬಟ್ಟೆಯನ್ನು ಮುಚ್ಚಿದಾಗ ಹೆಚ್ಚದು: ಅನ್ವಯವ್ಯತಿರೇಕಗಳೆರಡೂ ಕೂಡಿದವು. ಉಳಿದ ಆಜ್ಞೆಗಳೆಲ್ಲ ಪಡಸಾಲೆಯ ಕಪಾಟಿನ ಮೇಲಿದ್ದ ಅಂಗೈಯಷ್ಟಗಲದ ಪೆಟ್ಟಿಗೆಯಿಂದ, ತಂತಿಯಿಲ್ಲದೆ, ರೇಡಿಯೋ ತರಂಗಗಳಿಂದ ಹೊರಡುತ್ತಿದ್ದವು. ಆ ಪೆಟ್ಟಿಗೆಯಾದರೋ ಪುಣೆಯಲ್ಲಿದ್ದ ಮಗನ ಮೊಬೈಲಿನ ಖಾತೆಗೆ ಇನ್ನೂ ಅಧೀನವಾಗಿತ್ತು.

ಅಂದರೆ, ಆ ಮಗನು ನೂರಾರು ಮೈಲು ದೂರದಿಂದ ಈ ಮನೆಯ ದೀಪವನ್ನು ಹಚ್ಚಬಲ್ಲನು, ಆರಿಸಬಲ್ಲನು. ನಡುರಾತ್ರಿಯಲ್ಲಿ ಇಲ್ಲಿ ಯಾರೋ ಎದ್ದು ನಡೆದರೆಂಬುದನ್ನೂ ಅರಿಯಬಲ್ಲನು! ಹೊಸ್ತಿಲಲ್ಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವದೆಂದು ಶಾಸ್ತ್ರಕಾರರು ದೇಹಲೀದೀಪನ್ಯಾಯವನ್ನು ಹೇಳಿದರು. ಇಲ್ಲಿಯ ದೀಪವು ಒಳಗಿನವರಿಗೆ ಬೆಳಕನ್ನೂ ಹೊರಗಿನವನಿಗೆ ವಾರ್ತೆಯನ್ನೂ ಕೊಡುತ್ತಿತ್ತು. ಗೃಹಿಣಿಯ ಕೋಪಕ್ಕೆ ಪಾರವಿರಲಿಲ್ಲ.

ಯಜಮಾನರು ಅವನಿಗೆ ಫೋನು ಮಾಡಿ ಮುಚ್ಚುಮರೆಯಿಲ್ಲದೆ ಕೇಳಿದರು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಹೇಳಿದನು: ಅವನ ತಂದೆಯು ಬೆಳಗಿನ ಮೂರಕ್ಕೆ ಏಳುತ್ತಿದ್ದನು, ಕತ್ತಲೆಯಲ್ಲಿ ಬಿದ್ದಾನೆಂಬ ಭಯದಿಂದ ಆ ಹಾದಿಯ ದೀಪ, ಮರೆವಿನಿಂದ ದೀಪಗಳನ್ನು ಹಾಗೆಯೇ ಬಿಡುತ್ತಿದ್ದುದರಿಂದ ಹತ್ತರ ನಿಯಮ. ಹಾದಿಯಲ್ಲಿ ಹೆಜ್ಜೆ ಸುಳಿದಾಗ ಬರುತ್ತಿದ್ದ ಸೂಚನೆಯಿಂದಲೇ, ತಂದೆಯು ಕ್ಷೇಮವಾಗಿ ಎದ್ದನೆಂದು ಅವನು ಪುಣೆಯಲ್ಲಿ ನಿಶ್ಚಿಂತನಾಗುತ್ತಿದ್ದನು. ಮನೆಯನ್ನು ಮಾರಿದ ಮೇಲೆ ಸೂಚನೆಯು ಮತ್ತೆ ಬರತೊಡಗಿದಾಗ, ತಪ್ಪೆಂದು ತಿಳಿದೂ ಅದನ್ನು ಅಳಿಸಲು ಅವನಿಗೆ ಕೈ ಬರಲಿಲ್ಲ.

ಇದನ್ನು ಕೇಳಿ ಗೃಹಿಣಿಯ ಕೋಪವಿಳಿಯಿತು. ಆದರೆ ನಿರ್ಧಾರವು ಸಡಿಲಲಿಲ್ಲ. “ತಮ್ಮಾ, ನಿನ್ನ ದುಃಖ ನಮಗ ತಿಳೀತದ. ಆದ್ರ ಈಗ ನಡದಾಡಾಕಿ ನಾನು. ಅಳಿಸಿಬಿಡಪಾ,” ಎಂದಳು. ಅವನು ಕ್ಷಮೆ ಬೇಡಿ, ಅಂದೇ ಮನೆಯನ್ನು ತನ್ನ ಖಾತೆಯಿಂದ ತೆಗೆದುಹಾಕಿದನು. ನೆರೆಮನೆಯ ವೃದ್ಧನು, ಹಳೆಯ ನಿಯಮಗಳೆಲ್ಲ ವಹಿಯಲ್ಲಿವೆಯೆಂದು ನೋಡಿಕೊಂಡ ಮೇಲೆಯೇ, ಪೆಟ್ಟಿಗೆಯ ಹಿಂದಣ ಚಿಕ್ಕ ಗುಂಡಿಯನ್ನು ಒತ್ತಿಹಿಡಿದು ಅದರ ಸ್ಮೃತಿಯನ್ನಳಿಸಿದನು. ಯಜಮಾನರ ಹೆಸರಿನಲ್ಲಿ ಹೊಸ ಖಾತೆಯಾಯಿತು. ಹತ್ತರ ನಿಯಮವನ್ನು ಕೈಬಿಟ್ಟರು. ಮೂರು ಗಂಟೆಯ ಮಂದ ದೀಪವನ್ನು ಮಾತ್ರ ಗೃಹಿಣಿಯೇ ಹೇಳಿ ಉಳಿಸಿಕೊಂಡಳು. ಅದರ ಸೂಚನೆಯು ಈಗ ಯಾರಿಗೂ ಹೋಗುವದಿಲ್ಲ.

“ಪಾಳಿ ಬಿಡೋ ಮನಷ್ಯಾ, ಮುಂದಿನ ಪಾಳಿಯವಗ ಬರದಿಟ್ಟು ಹೋಗಬೇಕು, ಗಿರಣಿಯೊಳಗ ನಾವು ಕಲ್ತದ್ದು ಅಷ್ಟ ರೀ,” ಎಂದನು ಆ ವೃದ್ಧನು. ಆ ವಹಿಯು ಈಗ ವಿದ್ಯುತ್ತಿನ ಮೀಟರಿನ ಬದಿಯಲ್ಲಿ ತೂಗುತ್ತಿದೆ. ಯಾವ ದೀಪಕ್ಕೆ ಯಾವ ನಿಯಮ, ಅದು ಏತಕ್ಕೆ, ಪೆಟ್ಟಿಗೆಯು ಕೆಟ್ಟರೆ ಕೈಯಿಂದ ದೀಪ ಹಚ್ಚುವ ಬಗೆ ಹೇಗೆ ಎಂಬುದೆಲ್ಲ ಅದರಲ್ಲಿ ದಪ್ಪಕ್ಷರಗಳಲ್ಲಿದೆ. ಮನೆಯೊಳಗಣ ನಮ್ಮ ವಾಸವೂ ಒಂದು ಪಾಳಿಯೇ. ಮುಂದಿನವನು ಕತ್ತಲೆಯಲ್ಲಿ ಎಡವದಂತೆ ನಾಲ್ಕು ಸಾಲು ಬರೆದಿಟ್ಟು ಹೋಗುವದು ಗೃಹಸ್ಥಧರ್ಮದಲ್ಲಿ ಸೇರಬೇಕಾದ ಮಾತು.