ಹಗ್ಗ ಹಿಡಿದು ಇಳಿದೆ!

ನಮ್ಮ ಚಿಕ್ಕಬಳ್ಳಾಪುರದ ಪಕ್ಕ, ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಇಲ್ಲಿ ಸಣ್ಣ ಹೊಳೆ. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಅವಳೇ ಪೆನ್ನಾ ನದಿಯಾಗಿ, ಎರ್ರಮಲ ಬೆಟ್ಟವನ್ನು ಸೀಳಿ ಸುಮಾರು 300 ಅಡಿ ಆಳದ ಕಂದರ ಮಾಡಿದ್ದಾಳೆ. 2024ರ ಡಿಸೆಂಬರಿನಲ್ಲಿ ನಾವು ನೋಡಲು ಹೋಗಿದ್ದೆವು.

ಅಲ್ಲಿ ಹೊಸಬರಿಗೆ ಹಗ್ಗ ಕಟ್ಟಿ ಒಂದು 40 ಅಡಿ ಬಂಡೆ ಇಳಿಸುತ್ತಿದ್ದರು. ಮಗಳು ಸಲೀಸಾಗಿ ಇಳಿದು, "ಅಮ್ಮಾ, ನೀನೂ ಬಾ" ಎಂದು ಕೂಗಿದಳು.

"ಈ ವಯಸ್ಸಲ್ಲಿ ನಿನಗ್ಯಾಕೆ? ಕೈಕಾಲು ಮುರಕೊಂಡ್ರೆ ಮನೇಲಿ ಅಡುಗೆ ಯಾರು ಮಾಡೋರು?" ಅಂದರು ನಮ್ಮೆಜಮಾನರು.

ಆ ಮಾತಿಗೇ ನನಗೆ ರೋಷ ಬಂತು ನೋಡಿ! ಚೂಡಿದಾರದ ಮೇಲೆ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿಸಿಕೊಂಡೆ, ಹೆಲ್ಮೆಟ್ ಹಾಕಿಕೊಂಡೆ. ಆದರೆ ಅಂಚಿಗೆ ಬಂದಾಗ ಮೊಣಕಾಲು ನಡುಗಿತು. ಹೆದರಿ ಬಂಡೆಯನ್ನೇ ತಬ್ಬಿಕೊಂಡೆ, ಕಾಲು ಜಾರಿತು. ಮೇಲೆ ಇನ್ನೊಂದು ಹಗ್ಗ ಹಿಡಿದಿದ್ದ ಹುಡುಗ ತೆಲುಗಿನಲ್ಲಿ, "ತಬ್ಬಬೇಡಿ ಅಮ್ಮಾ, ಹಿಂದಕ್ಕೆ ಒರಗಿ, ಪಾದ ಬಂಡೆಗೆ ಊರಿ" ಎಂದ. ದೇವರ ಮೇಲೆ ಭಾರ ಹಾಕಿ ಒರಗಿದೆ. ಪಾದ ಗಟ್ಟಿಯಾಗಿ ನಿಂತಿತು! ಒಂದೊಂದೇ ಹೆಜ್ಜೆ ಇಳಿದೆ.

ಕೆಳಗೆ ಮುಟ್ಟಿದಾಗ ನಗು, ಅಳು ಎರಡೂ ಬಂತು. ಮೇಲೆ ಹತ್ತಿ ಬಂದರೆ ಯಜಮಾನರು ಮಾತಿಲ್ಲದೆ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು. ಮದುವೆಯಾದ 24 ವರ್ಷದಲ್ಲಿ, ಕೇಳದೆ ಅವರು ನನಗೆ ನೀರು ಕೊಟ್ಟದ್ದು ಅದೇ ಮೊದಲು.