ಕಪ್ಪು ಪರದೆಯ ಅಕ್ಷರಗಳು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಹಳೇ ಲ್ಯಾಪ್‌ಟಾಪಿಗೆ ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಹಾಕಿ, ಅಜ್ಜಿಯ ಅಡುಗೆ ಬರೆದಿಟ್ಟ ಕಡತಗಳನ್ನು ಅದರಲ್ಲಿ ತುಂಬಿದ್ದೀಯ. ಹೆಸರುಗಳೆಲ್ಲ ಬರೀ ಚೌಕಗಳಾಗಿ ಕಾಣ್ತಿವೆ, ಹಾಳಾದವಾ ಅಪ್ಪಾ ಅಂತ ಕೇಳಿದ್ದೀಯ. ಏನೂ ಹಾಳಾಗಿಲ್ಲ. ಡಿಸ್ಕಿನೊಳಗೆ ಒಂದೊಂದು ಬೈಟೂ ಇದ್ದ ಹಾಗೇ ಇದೆ, ಪರದೆಗೆ ಮಾತ್ರ ಅವನ್ನು ಬಿಡಿಸಲು ಬರುತ್ತಿಲ್ಲ. ಹಾಸ್ಟೆಲಿನ ವೈಫೈಯಲ್ಲಿ ಎಸ್‌ಎಸ್‌ಎಚ್ ಮೂಲಕ ಗೆಳತಿಯ ಲ್ಯಾಪ್‌ಟಾಪಿನಿಂದ ಒಳಗೆ ಹೋಗಿ ನೋಡು. ಅಲ್ಲಿ ಒಳ್ಳೇ ಕನ್ನಡ ಫಾಂಟೂ ಅಕ್ಷರ ಬೆಸೆಯಬಲ್ಲ ಟರ್ಮಿನಲ್ಲೂ ಇದ್ದರೆ ‘ಹುಳಿಯನ್ನ’ ಹುಳಿಯನ್ನವಾಗಿಯೇ ಕಾಣುತ್ತದೆ.

ಹಾಗಾದರೆ ನಿನ್ನ ಕಪ್ಪು ಪರದೆಗೆ, ಅಂದರೆ ಕನ್ಸೋಲಿಗೆ, ಏಕೆ ಆಗದು? ಅಚ್ಚುಕೂಟದ ಮೊಳೆ ಪೆಟ್ಟಿಗೆ ನೆನೆಸಿಕೊ. ಕನ್ಸೋಲ್ ಫಾಂಟ್ ಅಂದರೆ ಅಂಥದ್ದೇ ಒಂದು ಪೆಟ್ಟಿಗೆ, ಖಾನೆಗಳು 256. 1981ರ ಐಬಿಎಂ ಪಿಸಿಯಿಂದ ಬಂದ ಲೆಕ್ಕ ಅದು. 8 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಒಂದು ಅಕ್ಷರಕ್ಕೆ 16 ಬೈಟು ಸಾಕು. ಚುಕ್ಕಿ ಇದ್ದಲ್ಲಿ ಒಂದು, ಇಲ್ಲದಲ್ಲಿ ಸೊನ್ನೆ. 256 ಅಕ್ಷರಕ್ಕೆ ಒಟ್ಟು 4096 ಬೈಟು, ಅಷ್ಟೇ! 1984ರಲ್ಲಿ ಐಬಿಎಂನ ಇಜಿಎ ಪರದೆ ಕಾರ್ಡ್ ಬಂದ ಮೇಲೆ ಎರಡು ಪೆಟ್ಟಿಗೆ ಜೋಡಿಸಿ 512 ಮಾಡಬಹುದಾಯಿತು, ಆದರೆ ಪುಕ್ಕಟೆ ಅಲ್ಲ. ಪ್ರತಿ ಅಕ್ಷರದ ಜೊತೆ ಅದರ ಬಣ್ಣ ಹೇಳುವ ಒಂದು ಬೈಟು ಇರುತ್ತದಲ್ಲ, ಅದರಲ್ಲಿ ಅಕ್ಷರವನ್ನು ಹೊಳಪಾಗಿಸುವ ಬಿಟ್ಟನ್ನು ಕಿತ್ತುಕೊಂಡು ಯಾವ ಪೆಟ್ಟಿಗೆ ಅಂತ ಹೇಳಲು ಬಳಸುತ್ತಾರೆ. ಹಾಗಾಗಿ ಅಕ್ಷರದ ಬಣ್ಣ 16 ಇದ್ದದ್ದು 8ಕ್ಕೆ ಇಳಿಯುತ್ತದೆ. ಲಿನಕ್ಸಿನ ಪಠ್ಯ ಮೋಡ್ ಕನ್ಸೋಲಿನಲ್ಲಿ ಇವತ್ತಿಗೂ ಇದೇ ಚೌಕಾಸಿ. ನನಗೇನೋ ಈ ಜಿಪುಣತನ ಇಷ್ಟ.

512 ಇದ್ದರೆ ಕನ್ನಡ ಹಿಡಿಸಬಾರದೇ ಅಂತ ನೀನು ಖಂಡಿತ ಕೇಳುತ್ತೀಯ. ಲೆಕ್ಕ ಹಾಕು. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ 34 ವ್ಯಂಜನ, ಒಂದೊಂದಕ್ಕೂ 13 ಸ್ವರದ ಕಾಗುಣಿತ: 442. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ ಬಿಡಲಾಗದು, ಅವು 95. ಕೂಡಿದರೆ 537. ಪೆಟ್ಟಿಗೆ ತುಂಬಿ ಚೆಲ್ಲಿತು, ಇನ್ನೂ ಒಂದು ಒತ್ತಕ್ಷರವನ್ನೂ ಮುಟ್ಟಿಲ್ಲ! ಹೋಗಲಿ, ಜಾಗ ಸಿಕ್ಕಿತು ಅಂದುಕೊಳ್ಳೋಣ. ‘ಸ್ತ್ರೀ’ ಅಂತ ಬರೆದರೆ ಯೂನಿಕೋಡಿನಲ್ಲಿ ಸ, ವಿರಾಮ (ಸ್ವರ ಕಳೆಯುವ ಚಿಹ್ನೆ), ತ, ವಿರಾಮ, ರ, ಈ-ಕಾರ ಹೀಗೆ ಆರು ಸಂಕೇತ, ಡಿಸ್ಕಿನಲ್ಲಿ 18 ಬೈಟು. ಆರನ್ನೂ ಬೆಸೆದು ಒಂದೇ ಅಕ್ಷರ ಮಾಡುವವರು ಯಾರು? ಕನ್ಸೋಲಿಗೆ ಗೊತ್ತಿರುವುದು ಒಂದು ಸಂಕೇತ, ಅದಕ್ಕೊಂದು ಮೊಳೆ. ಬೆಸುಗೆ ಅದರ ಕೆಲಸವಲ್ಲ. ಡೆಬಿಯನ್ನಿನ ಕನ್ಸೋಲ್ ಫಾಂಟುಗಳ ಪಟ್ಟಿಯಲ್ಲಿ ಅರೇಬಿಕ್, ಥಾಯ್, ಲಾವೊ, ಜಾರ್ಜಿಯನ್, ಇಥಿಯೋಪಿಯನ್ ಎಲ್ಲ ಇವೆ, ಕನ್ನಡ ಇಲ್ಲ. ಅದರಿಂದ ಮುನಿಸಿಕೊಳ್ಳಬೇಡ.

ಡಾಸ್ ಕಾಲದಲ್ಲಿ ಇದೇ ತೊಡಕನ್ನು ನಮ್ಮವರು ಬೇರೆ ದಾರಿಯಲ್ಲಿ ಬಿಡಿಸಿದ್ದರು. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಅದೇ ಪಠ್ಯ ಪರದೆಯ ಮೇಲೆ ಕನ್ನಡ, ಹಿಂದಿ, ತಮಿಳು ಮೂಡುತ್ತಿದ್ದವು. ಬೆಸೆಯುವ ಕೆಲಸವನ್ನೆಲ್ಲ ಕಾರ್ಡೇ ವಹಿಸಿಕೊಳ್ಳುತ್ತಿತ್ತು.

ಈಗ ನಿನ್ನ ಕಣ್ಣಿನ ವಿಷಯ. ಫೋಟೊ ನೋಡಿದಾಗ ನನಗೆ ಚಿಂತೆಯಾದದ್ದು ಚೌಕಗಳಿಂದಲ್ಲ, ಆ ಸಣ್ಣ ಇಂಗ್ಲಿಷಿನಿಂದ. 1366 ಬೈ 768 ಪರದೆಗೆ 8 ಬೈ 16ರ ಅಕ್ಷರ ಹಾಕಿದರೆ ಸಾಲಿಗೆ 170 ಅಕ್ಷರ, 48 ಸಾಲು. ರಾತ್ರಿಯೆಲ್ಲ ಓದುವ ಗಾತ್ರವಾ ಅದು? ರೂಟ್ ಆಗಿ ‘ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್’ ಕೊಡು. ಯೂಟಿಎಫ್-8 ಇರಲಿ, ಅಕ್ಷರ ಸಮೂಹ ಲ್ಯಾಟಿನ್, ಫಾಂಟ್ ಟರ್ಮಿನಸ್, ಗಾತ್ರ 16 ಬೈ 32. ಆಗ ಸಾಲಿಗೆ 85, ಒಟ್ಟು 24 ಸಾಲು. ಬೇಕಾದಷ್ಟಾಯಿತು. ‘ಸೆಟ್‌ಫಾಂಟ್’ ಆಜ್ಞೆಯಿಂದಲೂ ಬದಲಿಸಬಹುದು, ಆದರೆ ಮರುದಿನ ಮತ್ತೆ ಚಾಲೂ ಮಾಡಿದಾಗ ಹಳೆಯದೇ ಬಂದು ಕೂತಿರುತ್ತದೆ. ಅದನ್ನು ಲ್ಯಾಪ್‌ಟಾಪಿನ ಮುಂದೆಯೇ ಕೂತು ಒತ್ತುವುದು ಒಳ್ಳೆಯದು. ಎಸ್‌ಎಸ್‌ಎಚ್‌ನಿಂದ ರೂಟ್ ಅಲ್ಲದೆ ಕೊಟ್ಟರೆ ಕನ್ಸೋಲ್ ಸಿಗಲಿಲ್ಲ ಅಂತ ಗೊಣಗುತ್ತದೆ. ಪೆಟ್ಟಿಗೆಯಲ್ಲಿ ಏನೇನಿದೆ ನೋಡುವ ಆಸೆಯಾದರೆ ‘ಶೋಕನ್ಸೋಲ್‌ಫಾಂಟ್’.

ಮುಂದೆ ಯಾವಾಗಲಾದರೂ ಪರದೆಯಲ್ಲಿ ಚೌಕಟ್ಟು ಬಿಡಿಸುವ ಗೆರೆಗಳ ಜಾಗದಲ್ಲಿ ಏನೇನೋ ಅಕ್ಷರ ಬಂದರೆ ಫಾಂಟನ್ನೇ ಬೈಯಬೇಡ. ಯಾವ ಯೂನಿಕೋಡ್ ಸಂಕೇತಕ್ಕೆ ಎಷ್ಟನೇ ಖಾನೆ ಅಂತ ಹೇಳುವ ಪಟ್ಟಿಯೊಂದು ಫಾಂಟ್ ಕಡತದ ಬಾಲದಲ್ಲಿರುತ್ತದೆ. ಬಹಳ ಸಲ ಕಾಣೆಯಾಗಿರುವುದು ಅದು. ಕೀಲಿಮಣೆಯ ನಕ್ಷೆ ಇದಕ್ಕೆ ಸಂಬಂಧವೇ ಇಲ್ಲದ ಸಂಗತಿ, ಅದು ‘ಲೋಡ್‌ಕೀಸ್’ ಪಾಲು. ಎರಡನ್ನೂ ಕಲಸಿಕೊಂಡು ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ.

ಕಡತಗಳ ಹೆಸರನ್ನು ಮಾತ್ರ ಇಂಗ್ಲಿಷಿಗೆ ಬದಲಿಸಬೇಡ ಪುಟ್ಟಿ. ಕಪ್ಪು ಪರದೆಗೆ ಓದಲು ಬರುವುದಿಲ್ಲ ಅಂತ ಅಜ್ಜಿಯ ಗೊಜ್ಜಿಗೆ ಬೇರೆ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಹೆಸರಿನ ಮುಂದೆ 01, 02 ಅಂತ ಅಂಕಿ ಹಾಕಿಕೊ. ಕನ್ಸೋಲಿನಲ್ಲಿ ಅಂಕಿ ಒತ್ತಿ ಟ್ಯಾಬ್ ಒತ್ತಿದರೆ ಉಳಿದ ಹೆಸರನ್ನು ಅದೇ ತುಂಬಿಕೊಳ್ಳುತ್ತದೆ, ಚೌಕವಾಗಿ ಕಂಡರೂ ಸರಿಯಾದ ಕಡತವೇ ತೆರೆಯುತ್ತದೆ. ದೊಡ್ಡ ಅಕ್ಷರ ಹಾಕಿಕೊಂಡ ಮೇಲೂ ತಲೆನೋವು ಬಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗು, ದುಡ್ಡು ಹಾಕುತ್ತೇನೆ.

ನಿನ್ನ ಅಪ್ಪ