ಕುಂಚಾವರಂ ಬಿಸಿಲು, ಕರಿ ಅಂಗಿಯ ಬಿಳಿ ಅಕ್ಷರ

ಚಿಂಚೋಳಿಯಿಂದ ಕುಂಚಾವರಂ ಹಾದಿ ಹಿಡಿದರೆ ತೊಗರಿ ಬೆಳೆಯುವ ಕರಿನೆಲ ಹಿಂದಾಗಿ ಕೆಮ್ಮಣ್ಣಿನ ದಿಬ್ಬಗಳೂ ಕಾಡೂ ಎದುರಾಗುತ್ತವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿದು. ತೆಲಂಗಾಣದ ಗಡಿ ಹತ್ತಿರ. ಕನ್ನಡ, ತೆಲುಗು, ತಾಂಡಾಗಳ ಲಂಬಾಣಿ ಮಾತು ಒಟ್ಟಿಗೇ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲಿ ಎಲ್ಲೆಲ್ಲೂ ಹಸಿರು. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟಿ, ಒಗೆದು ಹಾಕಿದ ಬಟ್ಟೆ ನೋಡನೋಡುತ್ತಲೇ ಗರಿಗರಿಯಾಗುತ್ತದೆ.

ಈ ಒಣ ಗಾಳಿಯೇ ಒಂದು ಹೊಸ ಕಸುಬಿಗೆ ಅಡ್ಡಗಾಲು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಕಲಬುರಗಿಯೂ ಒಂದು. ಬಟ್ಟೆಯ ಕೆಲಸದ ಕನಸು ಈ ಭಾಗದ ಹುಡುಗರಿಗೂ ಬಿದ್ದರೆ ಅಚ್ಚರಿಯಿಲ್ಲ. ಅದರಲ್ಲಿ ಟೀ ಶರ್ಟಿನ ಮೇಲೆ ನೇರವಾಗಿ ಶಾಯಿ ಚಿಮ್ಮಿಸಿ ಚಿತ್ರ ಮೂಡಿಸುವ ಡಿಟಿಜಿ ಯಂತ್ರವೂ ಸೇರಿದೆ. ಸಾಲ ಮಾಡಿ ಯಂತ್ರ ತರುವ ಮೊದಲು ಹುಡುಗರೂ ಅವರ ಅಪ್ಪ ಅಮ್ಮಂದಿರೂ ತಿಳಿಯಬೇಕಾದ ಮಾತೊಂದಿದೆ: ಕಷ್ಟ ಕೊಡುವುದು ಬಿಳಿ ಶಾಯಿ.

ಕರಿ ಬಟ್ಟೆಯ ಮೇಲೆ ಯಾವ ಬಣ್ಣ ಕಾಣಬೇಕಾದರೂ ಕೆಳಗೊಂದು ಬಿಳಿ ಹಾಸು ಬೇಕು. ಆ ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡ್ ಪುಡಿಯಿಂದ. ಅದು ನೀರಿಗಿಂತ ನಾಲ್ಕು ಪಟ್ಟು ಭಾರ. ಸುಮ್ಮನೆ ಬಿಟ್ಟರೆ ತಳ ಸೇರುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದವರಿಗೆ ಇದು ಹೊಸತಲ್ಲ. ಸುಣ್ಣವನ್ನು ಸೋಸಬೇಕು, ಕುಂಚ ಅದ್ದುವಾಗಲೆಲ್ಲ ಕಲಕಬೇಕು, ಗೋಡೆಯ ಧೂಳು ಹೊಡೆದು ನೀರು ಚಿಮುಕಿಸಬೇಕು. ಇಲ್ಲದಿದ್ದರೆ ತಿಳಿನೀರು ಗೋಡೆಗೆ, ಗಸಿ ಬಕೆಟ್ಟಿಗೆ.

ಬಿಳಿ ಮಂಕಾದರೆ ಕಂಡಕಂಡ ಗುಂಡಿ ಒತ್ತಬಾರದು. ಮೊದಲು ನಳಿಕೆಗಳ ಪರೀಕ್ಷಾ ಗೆರೆಗಳನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ನೋಡಬೇಕು. ಗೆರೆ ತುಂಡಾಗಿದ್ದರೆ ನಳಿಕೆ ಕಟ್ಟಿದೆ ಎಂದರ್ಥ: ಶಾಯಿ ತಳ ಕಂಡಿದೆ, ಇಲ್ಲವೇ ಒಣ ಗಾಳಿಗೆ ತುದಿಯಲ್ಲೇ ಹೆಪ್ಪುಗಟ್ಟಿದೆ. ಕೋಣೆಯಲ್ಲಿ ಕನಿಷ್ಠ ಶೇಕಡಾ 40ರಷ್ಟಾದರೂ ತೇವಾಂಶವಿರಬೇಕು. ನೀರಿನ ಕೂಲರ್ ನೆರವಾದೀತು, ಆದರೆ ಗಾಳಿ ನೇರ ಯಂತ್ರಕ್ಕೆ ಬಡಿಯಕೂಡದು. ರಜೆಯೆಂದು ವಾರಗಟ್ಟಲೆ ಯಂತ್ರ ನಿಲ್ಲಿಸುವವರು ದಂಡ ತೆರುತ್ತಾರೆ.

ಗೆರೆಗಳೆಲ್ಲ ಸರಿಯಿದ್ದೂ ಬಿಳಿ ಬೂದಿಯಂತೆ ಕಂಡರೆ ತಪ್ಪು ಬಹುಮಟ್ಟಿಗೆ ಬಟ್ಟೆಯ ಪೂರ್ವಸಿದ್ಧತೆಯದು. ಮುದ್ರಣಕ್ಕೆ ಮೊದಲು ಅಂಗಿಗೆ ಒಂದು ದ್ರಾವಣ ಸಿಂಪಡಿಸಿ ಒಣಗಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಲವಣ. ಶಾಯಿ ಬಿದ್ದೊಡನೆ ಅದು ಗಟ್ಟಿಯಾಗಿಸಿ, ನೂಲಿನೊಳಗೆ ಇಳಿಯದಂತೆ ಮೇಲೆಯೇ ನಿಲ್ಲಿಸುತ್ತದೆ. ಕಡಿಮೆಯಾದರೆ ಬಿಳಿ ಇಂಗಿಹೋಗುತ್ತದೆ. ಹೆಚ್ಚಾದರೆ ಅಂಗಿಯ ಮೇಲೆ ಕಲೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಕಡೆ ನೆಲದಡಿಯಲ್ಲಿ ಹಾಸಿಕೊಂಡಿರುವ ಸುಣ್ಣಕಲ್ಲೂ ಕ್ಯಾಲ್ಸಿಯಂನದೇ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನಿಂತದ್ದು ಅದಕ್ಕಾಗಿ. ಶಾಲೆಯ ರಸಾಯನಶಾಸ್ತ್ರ ಹೀಗೆ ಅಂಗಿಯ ಮೇಲೂ ಬಂದು ಕೂರುತ್ತದೆ.

ಕೊನೆಯದು ಶಾಖ. ಮುದ್ರಿಸಿದ ಶಾಯಿ ಸುಮಾರು 160 ಡಿಗ್ರಿಯಲ್ಲಿ, ತಯಾರಕರು ಹೇಳಿದಷ್ಟು ಹೊತ್ತು ಬೇಯಬೇಕು. ಅರೆಬೆಂದದ್ದು ಅಂಗಡಿಯಲ್ಲಿ ಚೆಂದವಾಗಿಯೇ ಕಂಡು, ಒಗೆತದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲ ಅಂಗಿ ಗಿರಾಕಿಯ ಕೈಗೆ ಹೋಗದೆ ಮನೆಯಲ್ಲೇ ಉಳಿಯಲಿ. ಐದಾರು ಸಲ ಒಗೆದು, ಕುಂಚಾವರಂ ಬಿಸಿಲಿಗೆ ಹರವಿ, ಅಕ್ಷರಗಳ ಮೇಲೆ ಉಗುರಾಡಿಸಿ ನೋಡಬಹುದು.